ಅರಿಷಿಣಾರೀ ಅದು

ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಯಾರಾದರೂ ಯಾರನ್ನಾದರೂ ಹೀಗಳೆಯುತ್ತ ‘ಕಾಮಣಿ ಆದವಗ ಕಾಣೂದೆಲ್ಲ ಹಳದಿ’ ಅಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನೀರು ಕುಡಿಯುವ ನೆಪ ಮಾಡುತ್ತೇನೆ. ನನ್ನ ಸಿಟ್ಟಿನ ಸ್ವಭಾವ ಎಲ್ಲರಿಗೂ ಗೊತ್ತು. ‘ಅಕ್ಕೋರಿಗೆ ಏನೋ ಹತ್ತಿತು’ ಎಂದುಕೊಂಡು ಸುಮ್ಮನಾಗುತ್ತಾರೆ. ಹತ್ತಿದ್ದು ಖರೆ. ಹತ್ತಿದ್ದು ನನ್ನದೇ ಮಾತು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಹಡೆದ ಮೂರನೆಯ ದಿನ, ನಗುತ್ತ ಆಡಿದ ಎರಡು ಶಬ್ದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡನ ಮನೆ ಬಾಗಲಕೋಟೆ, ತವರು ಗುಳೇದಗುಡ್ಡ. ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಮನೆಯಲ್ಲೋ ದವಾಖಾನೆಯಲ್ಲೋ ಎಂಬುದಕ್ಕೆ. ನಮ್ಮ ಯಜಮಾನರು ಆಫೀಸಿನಲ್ಲಿ ಕಾರಕೂನರು, ಎಲ್ಲವೂ ಕಾಗದದ ಮೇಲೆ ಇರಬೇಕೆನ್ನುವ ಮನುಷ್ಯ. ದವಾಖಾನೆಯೇ ಆಗಬೇಕು ಅಂದರು. ನಾನು ಒಲ್ಲೆ ಅಂದೆ. ಹಿಂದಿನ ವರ್ಷ ನನ್ನ ನೆಗೆಣ್ಣಿಯ ಹೆರಿಗೆಗೆ ದವಾಖಾನೆಗೆ ಜೊತೆ ಹೋಗಿದ್ದೆ. ಬೇನೆ ತಿನ್ನುತ್ತಿದ್ದ ಅವಳನ್ನು ಒಬ್ಬಾಕೆ ‘ಬಾಯಿ ಮುಚ್ಚು’ ಎಂದು ಗದರಿದ್ದು ನನ್ನ ಕಿವಿಯಲ್ಲೇ ಇತ್ತು. ನನ್ನನ್ನು ಯಾರಾದರೂ ಹಾಗೆ ಗದರಿದರೆ ಹೆರಿಗೆ ಬಿಟ್ಟು ಜಗಳಕ್ಕೆ ನಿಲ್ಲುವವಳು ನಾನು.

“ಒಂಬತ್ತ ತಿಂಗಳ ಹೊತ್ತಾಕಿ ನಾ. ಎಲ್ಲಿ ಹಡೀಬೇಕಂತ ನಾ ಹೇಳ್ತೀನ್ರಿ,” ಅಂದೆ.

ಅವರು, “ಆತು. ಆದ್ರ ಐದನೇ ದಿನಾ ಕೂಸಿನ್ನ ಬಾಗಲಕೋಟಿ ಡಾಕ್ಟರಿಗೆ ತೋರಸಬೇಕು. ಇದೊಂದ ಮಾತ ಕೊಡು,” ಅಂದರು. ಕೊಟ್ಟೆ.

ನಾನು ಕಣ್ಣು ಮುಚ್ಚಿ ಮನೆಯಲ್ಲಿ ಹಡೆಯಲು ಕೂತವಳಲ್ಲ, ಇದನ್ನು ಮೊದಲೇ ಹೇಳಬೇಕು. ಸಾಲಿ ಕಲಿಸುವವಳು. ನೂರು ಪುಟದ ನೋಟಬುಕ್ಕು ತಂದು ಪಟ್ಟಿ ಬರೆದೆ. ಹೊಸ ಬ್ಲೇಡು, ಕುದಿಸಿದ ದಾರ, ಕುದಿಸಿ ಬಿಸಿಲಿಗೆ ಒಣಗಿಸಿದ ಹಳೆಯ ಧೋತರದ ತುಂಡು. ಪಟ್ಟಿಯ ಕೊನೆಗೆ ‘ಐದನೇ ದಿನ: ಬಾಗಲಕೋಟೆ ಡಾಕ್ಟರು’ ಎಂದು ಬರೆದು ಅಡಿಗೆರೆ ಹಾಕಿದೆ. ಏಳನೆಯ ತಿಂಗಳಲ್ಲೇ ಸರಕಾರಿ ನರ್ಸಬಾಯಿಯನ್ನು ಕಂಡು ಬಂದೆ. ಹುಟ್ಟಿದ ದಿನ ಒಮ್ಮೆ, ಮೂರನೆಯ ದಿನ ಒಮ್ಮೆ ಬಂದು ಕೂಸನ್ನು ನೋಡಬೇಕು, ಆಮೇಲೆ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡಬೇಕು ಎಂದು ಕೇಳಿಕೊಂಡೆ.

ನರ್ಸಬಾಯಿ ನನಗಿಂತ ಹತ್ತು ವರ್ಷ ದೊಡ್ಡವರು, ಬಿಳಿ ಸೀರೆಗೆ ಇಸ್ತ್ರಿ ತಪ್ಪಿಸದವರು. “ಅಕ್ಕೋರ, ನೀವು ನಾಕ ಮಂದಿಗಿ ಬುದ್ಧಿ ಹೇಳೋರು. ನೀವ ಮನ್ಯಾಗ ಹಡದ್ರ ಉಳದೋರು ಏನ ಮಾಡ್ಯಾರು?” ಅಂದರು.

“ಚೊಲೊತ್ನಾಗಿ ಹಡದ ತೋರಸ್ತೀನ್ರಿ.”

ಉತ್ತರ ಅವರಿಗೆ ಹಿಡಿಸಲಿಲ್ಲ. ಆದರೂ ಒಪ್ಪಿದರು. “ಬರ್ತೀನಿ. ಆದ್ರ ನಾ ಬಂದಾಗ ಕೂಸಿನ್ನ ನೋಡಾಕ ಬಿಡಬೇಕು, ಅಷ್ಟ,” ಅಂದರು. ಬಿಡದೆ ಏನು ಮಾಡುತ್ತೇನೆ ಎಂದು ನಾನು ನಗುತ್ತ ಬಂದೆ.

ಹೆರಿಗೆ ಚೆನ್ನಾಗಿಯೇ ಆಯಿತು. ನನ್ನನ್ನೂ ಅದೇ ಬಾಣಂತಿ ಕೋಣೆಯಲ್ಲಿ ಈ ಲೋಕಕ್ಕೆ ತಂದ ಸೂಲಗಿತ್ತಿ ಆಯಿ ಬಂದಿದ್ದಳು. ನಾನು ಬರೆದ ಪಟ್ಟಿಯನ್ನು ಅವಳಿಗೆ ಓದಿ ಹೇಳಿದ್ದೆ, ಅವಳು ಒಂದೊಂದನ್ನೂ ಹಾಗೇ ಮಾಡಿದಳು. ಹೆಣ್ಣು ಕೂಸು. ಬೆಳಿಗ್ಗೆ ಎಂಟಕ್ಕೆ ಅದು ಅತ್ತ ದನಿಗೆ ಪಡಸಾಲೆಯಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ನಮ್ಮಪ್ಪ ಮಗ್ಗ ನಿಲ್ಲಿಸಿದ. ಆ ಮನೆಯಲ್ಲಿ ಹಗಲು ಮಗ್ಗ ನಿಂತದ್ದನ್ನು ನಾನು ಕೇಳಿದ್ದು ಅಪರೂಪ. ಮಧ್ಯಾಹ್ನ ನರ್ಸಬಾಯಿ ಬಂದು, ಕೂಸನ್ನು ತೂಗಿ, ಹೊಕ್ಕುಳು ನೋಡಿ, ನನ್ನ ನೋಟಬುಕ್ಕನ್ನೂ ತಿರುವಿ, “ಶಾಣ್ಯಾಕಿ ಅದೀರಿ ಬಿಡ್ರಿ” ಅಂದರು. ನನಗೆ ಅಷ್ಟೇ ಬೇಕಾಗಿತ್ತು.

ನಮ್ಮ ಬಾಣಂತಿ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಮಂದ ಬಲ್ಬು, ಮೂಲೆಯಲ್ಲಿ ಕೆಂಡದ ಕುಂಡ, ಲೋಬಾನದ ಹೊಗೆ. ದಿನಾ ಬೆಳಿಗ್ಗೆ ಆಯಿ ಬಂದು ಕೂಸಿಗೆ ಎಣ್ಣೆ ಅರಿಷಿಣ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುತ್ತಿದ್ದಳು. ನನಗೂ ಅರಿಷಿಣ. ನನ್ನ ಸೀರೆಯ ಸೆರಗು, ಹಾಸಿಗೆ, ಕೂಸಿನ ಕುಂಚಿಗೆ, ಅವ್ವನ ಕೈಬೆರಳು ಎಲ್ಲ ಹಳದಿ. ಬಾಣಂತಿ ಅಂದರೆ ಹಳದಿ ಇರಬೇಕು, ನಮ್ಮಲ್ಲಿ ಹಾಗೇ. ಹಳದಿ ಇಲ್ಲದಿದ್ದರೆ ಓಣಿಯ ಹೆಂಗಸರು ‘ಇವರಿಗೇನ ಬಡತಾನ ಬಂತಬೇ’ ಎಂದು ಆಡಿಕೊಂಡಾರು.

ಮೂರನೆಯ ದಿನ ಬೆಳಿಗ್ಗೆ, ಆಯಿ ಎರೆದು ಹೋದ ಮೇಲೆ, ಕೂಸು ನನ್ನ ತೊಡೆಯ ಮೇಲೆ ಒಂದು ಗಳಿಗೆ ಕಣ್ಣು ಬಿಟ್ಟಿತು. ಕಣ್ಣಂಚಿನಲ್ಲಿ ಪಿಸುರು ಇತ್ತು. ಹಸಿ ಅರಿವೆಯ ತುದಿಯಿಂದ ಒರೆಸಿದೆ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಎರೆಯುವಾಗ ಅರಿಷಿಣದ ನೀರು ಹೋಗಿರಬೇಕು ಎಂದುಕೊಂಡೆ. ಇನ್ನೊಂದು ಕಣ್ಣನ್ನೂ ನೋಡಿದೆ. ಅದೂ ಹಾಗೇ ಇತ್ತು. ಎರಡೂ ಕಣ್ಣಿಗೆ ಅರಿಷಿಣ ಒಂದೇ ಸಮ ಹೋಗುತ್ತದೆಯೇ? ಈ ಪ್ರಶ್ನೆ ನನಗೆ ಆಗಲೇ ಬಂದಿತ್ತು. ಬಂದಿತ್ತು ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು.

ಹನ್ನೊಂದರ ಸುಮಾರಿಗೆ ನರ್ಸಬಾಯಿ ಬಂದರು. ಮಾತು ಕೊಟ್ಟ ದಿನ, ಕೊಟ್ಟ ಹೊತ್ತಿಗೆ. ಹೊರಗಿನ ಬಿಸಿಲಿನಿಂದ ಬಂದವರು ಕತ್ತಲಿಗೆ ಕಣ್ಣು ಹೊಂದುವವರೆಗೆ ಬಾಗಿಲಲ್ಲೇ ನಿಂತರು. ಕೂಸನ್ನು ಮಡಿಲಿಗೆ ತೆಗೆದುಕೊಂಡು ಹೊಕ್ಕುಳು ನೋಡಿದರು, ಮೈ ಮುಟ್ಟಿ ನೋಡಿದರು. ಆಮೇಲೆ ಮುಖವನ್ನೇ ನೋಡುತ್ತ ಕೂತರು.

“ಅಕ್ಕೋರ, ಕೂಸು ಹಳದಿ ಕಾಣಸ್ತೈತಲ್ಲ?”

ನಾನು ನಕ್ಕೆ. “ಅರಿಷಿಣಾರೀ ಅದು,” ಅಂದೆ. “ಆಯಿ ಈಗರ ಎರದ ಹೋಗ್ಯಾಳ. ನಾನೂ ಹಳದಿ ಅದೀನಿ ನೋಡ್ರಿ, ನನಗೂ ಒಂದ ಗುಳಿಗಿ ಬರದ ಕೊಡ್ರಿ.”

ಬಾಗಿಲಲ್ಲಿ ನಿಂತಿದ್ದ ಅವ್ವ ನಕ್ಕಳು. ನರ್ಸಬಾಯಿಯೂ ನಕ್ಕರು. ಆದರೂ ಕೈ ಮುಂದೆ ತಂದು, ಬೆರಳಿನಿಂದ ಕೂಸಿನ ಕೆಳಗಿನ ರೆಪ್ಪೆ ಎಳೆದು ನೋಡಲು ಹೋದರು. ನಾನು ಅವರ ಮಣಿಕಟ್ಟು ಹಿಡಿದೆ.

“ಈಗರ ಮಲಗೈತ್ರಿ ಬಾಯಾರ. ಎಬ್ಬಿಸಬ್ಯಾಡ್ರಿ.”

ಅವರಿಗೆ ಇನ್ನೂ ಎರಡು ಹಳ್ಳಿಗೆ ಹೋಗುವುದಿತ್ತು. ಕೈ ಹಿಂದೆ ತೆಗೆದುಕೊಂಡು, ಚೀಟಿ ಬರೆದುಕೊಟ್ಟು, “ಐದನೇ ದಿನಾ ತಪ್ಪಸಬ್ಯಾಡ್ರಿ” ಎಂದು ಹೇಳಿ ಹೋದರು.

ಯಾಕೆ ಹಿಡಿದೆ ಆ ಕೈಯನ್ನು? ಅವರು ಕಣ್ಣು ನೋಡಿ ‘ನಾ ಮೊದಲ ಹೇಳಿದ್ನಿಲ್ಲ’ ಅಂದಾರು ಎಂದು. ಮನೆಯಲ್ಲಿ ಹಡೆದು ಗೆದ್ದೆ ಎಂದು ಓಣಿಗೆಲ್ಲ ಸಾರಿ ಮೂರು ದಿನ ಆಗಿತ್ತು, ಸೋಲುವುದು ಬೇಡವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಅವ್ವ ಸಣ್ಣಂದಿನಿಂದ ಹೇಳುತ್ತಿದ್ದಳು, ‘ನಿನ್ನ ನಾಲಿಗಿ ಅಂದ್ರ ನಿಮ್ಮಪ್ಪನ ಮಗ್ಗದ ಲಾಳಿ ಇದ್ದಂಗ, ಕೈಗಿಂತ ಮೊದಲ ಓಡತೈತಿ’ ಎಂದು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ನಾನು ಬಾಯಿ ಬಿಟ್ಟು ಬಣ್ಣವನ್ನೇ ಮುಚ್ಚಿದೆ.

ನಾಲ್ಕನೆಯ ದಿನ ಕೂಸು ಮಲಗಿದ್ದೇ ಮಲಗಿದ್ದು. ಗೋಡೆಯ ಆಚೆ ಮಗ್ಗ ಟಕ್ ಟಕ್ ಅನ್ನುತ್ತಿದ್ದರೂ ಮಿಸುಕಲಿಲ್ಲ. ಹಾಲಿಗೂ ತಾನಾಗಿ ಏಳಲಿಲ್ಲ, ಎಬ್ಬಿಸಿದರೆ ನಾಲ್ಕು ಗುಟುಕು ಕುಡಿದು ಮತ್ತೆ ಮಲಗುತ್ತಿತ್ತು. ನೋಡಲು ಬಂದ ಹೆಂಗಸರು ಹೊಗಳಿದರು. “ಎಂಥಾ ಶಾಂತ ಕೂಸಬೇ ನಿಂದು. ಮಗ್ಗದ ಮನ್ಯಾಗ ಬಾಳೇ ಮಾಡಾಕಂತ ಹುಟ್ಟೇತಿ,” ಅಂದರು. ಅವ್ವ ದೃಷ್ಟಿ ತೆಗೆದಳು.

ಐದನೆಯ ದಿನ ಯಜಮಾನರು ಬಾಗಲಕೋಟೆಯಿಂದ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಹೊಸ ಕೊಡೆ, ಕೂಸಿಗೆ ಬಿಸಿಲು ಬೀಳಬಾರದೆಂದು. ಅವತ್ತು ನಮ್ಮಲ್ಲಿ ಐದೇಶಿ. ಹುಟ್ಟಿದ ಐದನೆಯ ದಿನ ಸೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅವಳ ಪೂಜೆ. ಬರೆಯಲು ಬಂದವಳಿಗೆ ಕೂಸು ಮನೆಯಲ್ಲಿ ಸಿಗದಿದ್ದರೆ ಬರಹ ಕೆಡುತ್ತದೆ ಎಂದು ಅವತ್ತು ತಾಯಿ, ಕೂಸು ಹೊಸ್ತಿಲು ದಾಟುವುದಿಲ್ಲ. ನಾನು ಪಟ್ಟಿ ಬರೆಯುವಾಗ ಐದನೆಯ ದಿನ ಅಂದರೆ ಐದೇಶಿ ಎಂಬುದು ನನ್ನ ಓದಿದ ತಲೆಗೆ ಹೊಳೆದೇ ಇರಲಿಲ್ಲ.

“ಅಳಿಯಾರ, ಇವತ್ತೊಂದ ದಿನಾ ತಡೀರಿ. ನಾಳೆ ಮುಂಜಾನೆ ನಾನ ಬರ್ತೀನಿ ಜೋಡಿ,” ಅಂದಳು ಅವ್ವ.

ಯಜಮಾನರು ನನ್ನ ಮುಖ ನೋಡಿದರು. ಮಾತು ಕೊಟ್ಟವಳು ನಾನು. ‘ಇಲ್ಲ, ಈಗಲೇ ಹೋಗೋಣ’ ಎಂದು ನಾನೊಂದು ಮಾತು ಅಂದಿದ್ದರೆ ಅವ್ವನ ತಡೆ ನಿಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ನನ್ನ ಬಾಯಿಗೆ ಎದುರಾಡಿದವರು ಯಾರಿದ್ದರು? ಆದರೆ ಹೋಗೋಣ ಅಂದರೆ ಯಾಕೆ ಅವಸರ ಎಂದು ಕೇಳುತ್ತಾರೆ, ಕೇಳಿದರೆ ಮೊನ್ನೆಯ ಕಣ್ಣಿನ ಮಾತು ಹೇಳಬೇಕಾಗುತ್ತದೆ.

“ನಾಳೆ ಹೋಗೂಣು ತಗೋರಿ. ಕೂಸು ಆರಾಮೈತಿ,” ಅಂದೆ.

ಸಂಜೆ ಅವ್ವ ಸೆಟವಿಗೆ ಬರೆಯಲು ಕಾಗದ ಲೇಖನಿ ಹುಡುಕಿದಳು. ನನ್ನ ನೋಟಬುಕ್ಕೇ ಸಿಕ್ಕಿತು. ಪಟ್ಟಿಯ ಮುಂದಿನ ಖಾಲಿ ಪುಟ ತೆರೆದು, ನನ್ನದೇ ಪೆನ್ನು ಅದರ ಮೇಲೆ ಇಟ್ಟು, ಕೂಸಿನ ತಲೆಯ ಹತ್ತಿರ ಇರಿಸಿದಳು. ಪುಟ ತೆಳು, ಹಿಂದಿನ ಪುಟದ ಅಡಿಗೆರೆ ಈ ಕಡೆಗೂ ಮೂಡಿತ್ತು.

ಆರನೆಯ ದಿನ ಬೆಳಿಗ್ಗೆ ಆಯಿ ಎರೆಯಲು ಬಂದಳು. ಬಿಸಿನೀರು ಬೀಳುತ್ತಲೇ ಕಿರುಚಬೇಕಾದ ಕೂಸು ಸುಮ್ಮನಿತ್ತು. ಇನ್ನೊಂದು ತಂಬಿಗೆ ಹಾಕಿದಳು. ಸುಮ್ಮನೇ ಇತ್ತು.

“ಕೂಸು ಅಳವಲ್ದಬೇ,” ಅಂದಳು ಆಯಿ. ದನಿ ಬೇರೆ ಆಗಿತ್ತು.

ಅವತ್ತು ಅವಳು ಇನ್ನೂ ಅರಿಷಿಣ ಹಚ್ಚಿರಲಿಲ್ಲ. ಹಿಂದಿನ ದಿನದ್ದು ಹೋಗಲಿ ಎಂದು ಮೊದಲು ಕಡಲೆಹಿಟ್ಟು ತಿಕ್ಕಿ ತೊಳೆದಳು. ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನ ಬೆಳಕಿಗೆ ಹೋದಳು. ನೋಡಿದಳು, ಮತ್ತೆ ಬಂದು ಕೂತು ಮತ್ತೆ ಹಿಟ್ಟು ತಿಕ್ಕಿದಳು. ಮೂರು ಸಲ ತೊಳೆದಳು. ಅವ್ವ ನೀರು ಹಾಕುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ತೊಳೆದ ನೀರು ತಿಳಿಯಾಗಿಯೇ ಹರಿಯುತ್ತಿತ್ತು, ಕೂಸು ಹಳದಿಯೇ ಇತ್ತು.

“ಯವ್ವಾ,” ಅಂದಳು ಆಯಿ, “ಇದು ನಾ ಹಚ್ಚಿದ ಅರಿಷಿಣ ಅಲ್ಲ.”

ನಾನು ಆಶ್ಚರ್ಯ ಪಟ್ಟವಳಂತೆ ಮಾಡಿದ್ದು ನನಗೆ ನೆನಪಿದೆ. ಅಳುತ್ತಿದ್ದೆ, ಅಳು ಖರೆ ಇತ್ತು, ಆಶ್ಚರ್ಯ ಸುಳ್ಳಿತ್ತು.

ಬಾಗಲಕೋಟೆಗೆ ಬಸ್ಸಿನಲ್ಲಿ ಹೋದೆವು. ಯಜಮಾನರು ಕಿಟಕಿಯ ಬಿಸಿಲಿಗೆ ಅಡ್ಡವಾಗಿ ಕೊಡೆ ಹಿಡಿದು ಕೂತಿದ್ದರು. ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಕೂಸಿನ ಮೂಗಿನ ತುದಿ ಒತ್ತಿ ಬಿಟ್ಟರು, ಎದೆ ಒತ್ತಿ ಬಿಟ್ಟರು, ಅಂಗಾಲು ಒತ್ತಿ ಬಿಟ್ಟರು. ಆಮೇಲೆ ರೆಪ್ಪೆ ಎಳೆದು ಕಣ್ಣು ನೋಡಿದರು.

“ಯಾವಾಗಿಂದ ಹಿಂಗೈತಿ?”

“ಇವತ್ತ ಮುಂಜಾನೆ ನೋಡಿದ್ವಿರಿ,” ಅಂದೆ.

ಅವರು ಅಂಗಾಲನ್ನು ಇನ್ನೊಮ್ಮೆ ಒತ್ತಿ ತೋರಿಸಿದರು. “ಒಂದ ದಿನದಾಗ ಅಂಗಾಲತನಕ ಇಳಿಯೂದಿಲ್ಲವ್ವ ಈ ಕಾಮಣಿ. ನಿನ್ನ ರಕ್ತಕ್ಕೂ ಕೂಸಿನ ರಕ್ತಕ್ಕೂ ಕೂಡಿಬಂದಿಲ್ಲ. ಮೂರನೇ ದಿನಾ ಬಂದಿದ್ರ ಹುಬ್ಬಳ್ಳಿಗಿ ಕಳಿಸಿ ರಕ್ತಾ ಬದಲಿ ಮಾಡಸ್ತಿದ್ದೆ. ಈಗ ಅಷ್ಟ ದೂರದ ದಾರಿ ಈ ಜೀವಾ ತಡಿಯಂಗಿಲ್ಲ. ಇಲ್ಲೇ ನೋಡೂಣು.”

ಕಟ್ಟಿಗೆಯ ಪೆಟ್ಟಿಗೆಯೊಂದಕ್ಕೆ ಟ್ಯೂಬ್‌ಲೈಟು ಜೋಡಿಸಿ, ಕೂಸಿನ ಕಣ್ಣಿಗೆ ಬಟ್ಟೆ ಕಟ್ಟಿ, ಬರಿಮೈಯಲ್ಲಿ ಅದರೊಳಗೆ ಮಲಗಿಸಿದರು. ಒಂಬತ್ತು ದಿನ. ಎರಡನೆಯ ದಿನ ಅದರ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಸೆಟೆದು, ದನಿ ಚೀರಲಾಯಿತು. ಡಾಕ್ಟರು ಯಜಮಾನರನ್ನು ಹೊರಗೆ ಕರೆದರು. ಯಜಮಾನರು ಒಳಗೆ ಬಂದು ಪೆಟ್ಟಿಗೆಯ ಹತ್ತಿರ ಕೂತು ಅದರ ಬೆಳಕನ್ನೇ ನೋಡುತ್ತಿದ್ದರು. ನಾನು ಕೂಸಿನ ಕಾಲ ಹತ್ತಿರ ಕೂತು ಬೇಡಿಕೊಂಡೆ. ಯಾವ ದೇವರನ್ನು ಎಂದು ಕೇಳಿದರೆ ಹೇಳಲಾರೆ. ಜೀವ ಒಂದು ಉಳಿಯಲಿ, ಬೇರೆ ಏನು ಬೇಕಾದರೂ ತಗೋ ಅಂದೆ. ಹಾಗೆ ಬೇಡಿಕೊಳ್ಳಬಾರದಿತ್ತು.

ಜೀವ ಉಳಿಯಿತು. ಮೈ ತನ್ನ ಬಣ್ಣಕ್ಕೆ ಬಂತು, ನಸುಗಪ್ಪು, ನಮ್ಮಪ್ಪನ ಬಣ್ಣ. ಊರವರು ಪೇಢೆ ತಿಂದರು.

ಒಂಬತ್ತು ತಿಂಗಳಿಗೆ ತವರಿಗೆ ಹೋಗಿದ್ದಾಗ ಪಡಸಾಲೆಯಲ್ಲಿ ಮಗ್ಗದ ಪಕ್ಕ ಅದನ್ನು ಕೂಡಿಸಿದ್ದೆ. ಅವ್ವನ ಕೈತಪ್ಪಿ ತಾಮ್ರದ ಕೊಡ ಮೆಟ್ಟಿಲ ಮೇಲಿಂದ ಉರುಳಿತು. ಎರಡು ಮನೆಯ ಆಚೆಯವರು ಇಣುಕಿದರು. ನನ್ನ ಮಗಳು ತಿರುಗಿ ನೋಡಲಿಲ್ಲ, ಕೈಯಲ್ಲಿದ್ದ ನೂಲಿನ ಉಂಡೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಮಗ್ಗ ನಿಲ್ಲಿಸಿದ. ಆಗ ತಿರುಗಿದಳು. ನೆಲದ ನಡುಕ ನಿಂತದ್ದು ಅವಳಿಗೆ ತಿಳಿದಿತ್ತು, ಸದ್ದಲ್ಲ. ಎಂಥಾ ಶಾಂತ ಕೂಸು ಎಂದು ಎಲ್ಲರೂ ಹೊಗಳಿದ್ದು ಆ ಕ್ಷಣ ಒಟ್ಟಿಗೇ ನನ್ನ ತಲೆಗೆ ಬಂದು ಬಡಿಯಿತು.

“ಸೆಟವಿ ಬರದದ್ದು ಯಾರ ತಪ್ಪಸ್ತಾರಬೇ,” ಅಂದಳು ಅವ್ವ, ಅಳುತ್ತ. ನಾನು ಒಪ್ಪಿದವಳಂತೆ ತಲೆಯಾಡಿಸಿದೆ. ನನ್ನ ಪೆನ್ನು, ನನ್ನ ಪುಸ್ತಕ. ತಪ್ಪನ್ನು ಸೆಟವಿಯ ಮೇಲೆ ಹಾಕಿ ಕೂತೆ.

ಆಮೇಲೆ ಒಂದು ಚಟ ಹತ್ತಿತು. ಬೆಳಿಗ್ಗೆ ಮಗಳು ಎದ್ದ ಕೂಡಲೇ ಅವಳ ಕೆಳಗಿನ ರೆಪ್ಪೆ ಎಳೆದು ಕಣ್ಣಿನ ಬಿಳಿ ನೋಡುವುದು. ಕಾಮಣಿ ಹೋಗಿ ವರ್ಷಗಳಾಗಿದ್ದವು, ನೋಡುವುದು ಏನೂ ಇರಲಿಲ್ಲ. ಯಜಮಾನರು ಒಂದೆರಡು ಸಲ ‘ಬಿಡು ಸಾಕು’ ಅಂದರು. ಬಿಡಲಾಗಲಿಲ್ಲ. ನೋಡದೆ ಶಾಲೆಗೆ ಹೋದ ದಿನ ಕರಿಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಕೈ ನಿಲ್ಲುತ್ತಿತ್ತು. ಅವಳ ಮೈಗೆ ಮಾತ್ರ ಮತ್ತೆ ಎಂದೂ ಅರಿಷಿಣ ಹಚ್ಚಗೊಡಲಿಲ್ಲ. ಮದುವೆ ಮನೆಗಳಲ್ಲಿ ಹಚ್ಚಲು ಬಂದವರ ಮೇಲೆ ಹರಿಹಾಯ್ದು ಜಗಳಗಂಟಿ ಅನ್ನಿಸಿಕೊಂಡೆ.

ಅವಳಿಗೆ ಆರು ವರ್ಷವಾದಾಗ ಹುಬ್ಬಳ್ಳಿಯ ಕಿವಿ ಡಾಕ್ಟರಿಗೆ ತೋರಿಸಿ ಹಿಂತಿರುಗುತ್ತಿದ್ದೆ. ಹುಟ್ಟಿದಾಗಿನ ಕಾಮಾಲೆ ಕಿವಿಯ ನರ ಕೆಡಿಸಿದೆ, ಕೇಳಿಸುವ ಆಸೆ ಇಟ್ಟುಕೊಳ್ಳಬೇಡಿ, ಕಿವುಡ ಮಕ್ಕಳ ಶಾಲೆಗೆ ಹಾಕಿ ಅಂದಿದ್ದರು. ಕುಳಗೇರಿ ಕ್ರಾಸಿನಲ್ಲಿ ಇಳಿದು ಬಾದಾಮಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆವು. ಚಹಾದಂಗಡಿಯ ತಗಡಿನ ನೆರಳಲ್ಲಿ ಇಸ್ತ್ರಿ ಮಾಡಿದ ಬಿಳಿ ಸೀರೆ ಕಂಡಿತು. ಅದೇ ನರ್ಸಬಾಯಿ. ಮಗಳು ಹುಟ್ಟಿದ ವರ್ಷವೇ ಅವರಿಗೆ ಹುನಗುಂದದ ಕಡೆ ವರ್ಗವಾಗಿತ್ತು, ಮತ್ತೆ ಕಂಡಿರಲಿಲ್ಲ. ಅವರೂ ನಮ್ಮನ್ನು ಕಂಡರು, ಎದ್ದು ಬಂದರು. ಮಗಳ ವಿಷಯ ಅವರಿಗೆ ಯಾರೋ ಹೇಳಿದ್ದರು. ಅವಳ ತಲೆ ಸವರಿದರು.

“ಅಕ್ಕೋರ, ನಿಮಗ ಮಾರಿ ತೋರಸಾಕ ನನಗ ಧೈರ್ಯ ಇರಲಿಲ್ರಿ,” ಅಂದರು. “ಅವತ್ತ ನಾ ಕಣ್ಣ ನೋಡದ ಎದ್ದ ಹೋದೆ. ಎರಡ ಹಳ್ಳಿ ಗಡಿಬಿಡಿ ಇತ್ತು. ತಪ್ಪು ನಂದ. ಆರ ವರ್ಷಾತು, ಯಾವ ಕೂಸಿನ್ನ ಮುಟ್ಟಿದ್ರೂ ನಿಮ್ಮ ಕೂಸ ಕಣ್ಣ ಮುಂದ ಬರತೈತಿ.”

ನನ್ನ ಲಾಳಿಯಂಥ ನಾಲಿಗೆ ಅವತ್ತು ಅಲ್ಲಾಡಲಿಲ್ಲ. ನಿಮ್ಮ ಕೈ ಹಿಡಿದವಳು ನಾನು, ಕಣ್ಣನ್ನು ನಿಮಗಿಂತ ಮೊದಲೇ ನೋಡಿದವಳೂ ನಾನು ಎಂದು ಹೇಳಬೇಕಾಗಿತ್ತು. ಎಷ್ಟು ದೊಡ್ಡ ಮಾತು ಅದು? ಒಂದು ಉಸಿರಿನದು. ಎದುರಿನ ಹೆಂಗಸು ಆರು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದುದು ನನ್ನ ಹೊರೆ. ನಾನು ಚಹಾದಂಗಡಿಯ ಕಪ್ಪುಬಸಿ ನೋಡುತ್ತ ನಿಂತೆ. ಅವರ ಬಸ್ಸು ಬಂದು ನಿಂತಿತು.

ಹೊರಡುವ ಮೊದಲು ಅವರು ಬಗ್ಗಿ, ಮಗಳಿಗೆ ತಿಳಿಯುವಂತೆ ತುಟಿ ಅಗಲಿಸಿ, ನನ್ನತ್ತ ಕೈ ಮಾಡಿ, “ಇವರ ಯಾರು?” ಎಂದು ಕೇಳಿದರು.

ನನ್ನ ಮಗಳಿಗೆ ತನ್ನದೇ ಕೈಮಾತು ಇತ್ತು. ಅಜ್ಜನಿಗೆ ಲಾಳಿ ಎಳೆಯುವ ಕೈ, ಅಪ್ಪನಿಗೆ ಕೊಡೆ ಹಿಡಿಯುವ ಮುಷ್ಟಿ. ಅವಳು ನನ್ನನ್ನು ನೋಡಿ ನಕ್ಕಳು. ಬೆರಳಿನಿಂದ ತನ್ನ ಕೆಳಗಿನ ರೆಪ್ಪೆ ಎಳೆದು, ಕಣ್ಣಿನ ಬಿಳಿ ತೋರಿಸಿ, ನನ್ನತ್ತ ಬೊಟ್ಟು ಮಾಡಿದಳು.

ನರ್ಸಬಾಯಿ ನೆಟ್ಟಗೆ ನಿಂತರು.

“ಹಂಗಂದ್ರ ಏನ್ರಿ ಅಕ್ಕೋರ?”

“ಅವ್ವ ಅಂತರೀ,” ಅಂದೆ.

ಅವರು ಅವತ್ತು ನಾನು ಹಿಡಿದಿದ್ದ ತಮ್ಮ ಮಣಿಕಟ್ಟನ್ನೊಮ್ಮೆ ನೋಡಿಕೊಂಡರು, ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮಗಳ ತಲೆಯನ್ನು ಇನ್ನೊಮ್ಮೆ ಸವರಿ ಬಸ್ಸು ಹತ್ತಿದರು.